ಮನೆ, ನಾಯಿ, ಬೆಕ್ಕು ಬಿಟ್ಟು ಊರಿಗೆ ಹೊರಡುವ ಮುಂಚೆ: ಒಳ್ಳೆಯ ಹೌಸ್ ಸಿಟರ್ ಸಿಗಬೇಕಾದರೆ ಏನು ಮಾಡಬೇಕು

ಮೊದಲ ಸಲ ಹೌಸ್ ಸಿಟರ್ (ನಾವು ಊರಲ್ಲಿಲ್ಲದಾಗ ಮನೆ, ಪ್ರಾಣಿ ನೋಡಿಕೊಳ್ಳುವವರು) ಹುಡುಕಿದಾಗ ನಾನು ಬರೆದ ಜಾಹೀರಾತು ಮೂರೇ ಸಾಲಿನದು. ಒಳ್ಳೆಯ ಮನೆ. ತುಂಬಾ ಸಾಧು ನಾಯಿ. ತಂಟೆ ಮಾಡದ ಬೆಕ್ಕು. ಎರಡು ವಾರ ಯಾರೂ ಕೇಳಲಿಲ್ಲ. ಕೊನೆಗೆ ಒಬ್ಬರು ಒಪ್ಪಿಕೊಂಡು ಬಂದರು, ಪಾಪ. ನಾವು ಹೊರಟ ಮೂರನೇ ರಾತ್ರಿ ಗುಡುಗು ಮಳೆ. ನಮ್ಮ ಗುಂಡನಿಗೆ ಗುಡುಗು ಅಂದರೆ ಜೀವಭಯ, ಅದನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಮರೆತಿದ್ದಲ್ಲ. ಹೇಳಿದರೆ ಯಾರೂ ಬರಲ್ಲ ಅಂತ ಬೇಕೆಂದೇ ಬಿಟ್ಟಿದ್ದೆ. ಆಕೆ ಬೆಳಗಿನ ಜಾವದವರೆಗೆ ಬಚ್ಚಲುಮನೆಯ ನೆಲದ ಮೇಲೆ, ನಡುಗುತ್ತಿದ್ದ ನಾಯಿಗೆ ಟವೆಲ್ ಹೊದಿಸಿಕೊಂಡು ಕೂತಿದ್ದರು. ನಾವು ವಾಪಸ್ ಬಂದಾಗ ಬೈಯಲಿಲ್ಲ. "ಮೊದಲೇ ಹೇಳಿದ್ದರೂ ಬರುತ್ತಿದ್ದೆ, ಸ್ವಲ್ಪ ತಯಾರಾಗಿ ಬರುತ್ತಿದ್ದೆ ಅಷ್ಟೇ" ಅಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆಮೇಲೆ ಎಷ್ಟೋ ಸಲ ಸಿಟರ್‌ಗಳು ಬಂದು ಹೋಗಿದ್ದಾರೆ. ನಾನು ಕಲಿತದ್ದು ಇಷ್ಟು: ಒಳ್ಳೆಯ ಸಿಟರ್‌ಗೆ ಮನೆಗಳ ಬರ ಇಲ್ಲ. ನೀವು ಅವರನ್ನು ಆರಿಸುತ್ತಿದ್ದೀರಿ ಅಂದುಕೊಂಡಿರುತ್ತೀರಿ, ಆದರೆ ಅವರು ಆಗಲೇ ನಿಮ್ಮನ್ನು ಅಳೆದು ನೋಡಿರುತ್ತಾರೆ. ಏನು ಮುಚ್ಚಿಟ್ಟಿದ್ದಾರೆ ಅನ್ನುವುದು ಅವರಿಗೆ ಜಾಹೀರಾತು ಓದುವಾಗಲೇ ವಾಸನೆ ಹೊಡೆಯುತ್ತದೆ. ಹಾಗಾಗಿ ಕೆಳಗೆ ಬರೆದಿರುವ ಹಂತಗಳಲ್ಲಿ ಅರ್ಧಕ್ಕರ್ಧ ಕಷ್ಟದ ವಿಷಯವನ್ನು ಮೊದಲು ಹೇಳಿಬಿಡುವುದರ ಬಗ್ಗೆಯೇ ಇವೆ.

ಹಂತ 1: ನಿಮಗೆ ನಿಜವಾಗಿ ಯಾರು ಬೇಕು?

ಎಲ್ಲರಿಗೂ ಮನೆಯಲ್ಲೇ ಉಳಿದುಕೊಳ್ಳುವ ಸಿಟರ್ ಬೇಕಾಗಿಲ್ಲ. ಆರೋಗ್ಯವಾಗಿರುವ ಒಂದು ದೊಡ್ಡ ಬೆಕ್ಕು, ನೀವು ಹೋಗುತ್ತಿರುವುದು ಎರಡು ದಿನಕ್ಕೆ ಅಂದರೆ, ದಿನಕ್ಕೆ ಎರಡು ಸಲ ಬಂದು ಊಟ ಹಾಕಿ, ಲಿಟರ್ (ಬೆಕ್ಕಿನ ಮಲಮೂತ್ರದ ಮರಳು) ತೆಗೆದು, ಸ್ವಲ್ಪ ಹೊತ್ತು ಜೊತೆಗಿದ್ದು ಹೋಗುವವರು ಸಾಕು. ನಾಯಿ ಇದ್ದರೆ ಲೆಕ್ಕ ಬೇರೆ. ವಯಸ್ಸಾದ ಪ್ರಾಣಿ, ಮಾತ್ರೆ ಇಂಜೆಕ್ಷನ್ ಬೇಕಾದ ಪ್ರಾಣಿ, ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆದು ಹಾಕುವ ಪ್ರಾಣಿ ಇದ್ದರಂತೂ ಮನೆಯಲ್ಲೇ ಮಲಗುವವರು ಬೇಕೇ ಬೇಕು.

ಇನ್ನೊಂದು ಪ್ರಶ್ನೆ ದುಡ್ಡಿನದು. ಇದರಲ್ಲಿ ಎರಡು ದಾರಿ ಇವೆ. ದಿನಕ್ಕೆ ಇಷ್ಟು ಅಂತ ಸಂಬಳ ಕೊಟ್ಟು ವೃತ್ತಿಯವರನ್ನು ಕರೆಸುವುದು ಒಂದು. ಕೊಡು-ಕೊಳ್ಳುವ ಲೆಕ್ಕದ್ದು ಇನ್ನೊಂದು: ಅವರಿಗೆ ಇರಲು ಮನೆ, ನಿಮಗೆ ನೋಡಿಕೊಳ್ಳಲು ಜನ, ಇಬ್ಬರ ನಡುವೆ ದುಡ್ಡಿನ ಮಾತಿಲ್ಲ. ಈ ಎರಡನೆಯದಕ್ಕೇ ಅಂತ ವೆಬ್‌ಸೈಟ್‌ಗಳಿವೆ. ಹೌಸ್‌ಕೇರರ್ಸ್ 2000ದಿಂದ ಇದೆ, ಟ್ರಸ್ಟೆಡ್ ಹೌಸ್‌ಸಿಟರ್ಸ್ 2010ರಲ್ಲಿ ಶುರುವಾಯಿತು. ಸಾಮಾನ್ಯವಾಗಿ ವರ್ಷಕ್ಕೆ ಇಷ್ಟು ಅಂತ ಸದಸ್ಯತ್ವದ ಶುಲ್ಕ ಕಟ್ಟಬೇಕಾಗುತ್ತದೆ, ಹಳೆಯ ಮನೆಯವರು ಬರೆದ ವಿಮರ್ಶೆಗಳು ಅಲ್ಲೇ ಓದಲು ಸಿಗುತ್ತವೆ.

ಇಲ್ಲಿ ಬಹಳ ಜನ ಎಡವುತ್ತಾರೆ. ದುಡ್ಡು ಕೊಡದ ಒಪ್ಪಂದದಲ್ಲಿ ಬಂದವರು ಮನೆಕೆಲಸದವರಲ್ಲ. ನಾಲ್ಕು ನಾಯಿ, ಆರು ಕೋಳಿ, ದಿನಾ ಎರಡು ಗಂಟೆ ತೋಟಕ್ಕೆ ನೀರು, ಜೊತೆಗೆ ಹಿಂದಿನ ರೂಮಿನ ಬಾಡಿಗೆಯವರು ಕೇಳಿದ್ದಕ್ಕೆಲ್ಲ ಓಡಾಟ ಅಂದರೆ ಅದು ಕೆಲಸ. ಅದಕ್ಕೆ ಸಂಬಳ ಕೊಡಿ. ಪಟ್ಟಿ ಬರೆದು ನೋಡಿ: ಪ್ರಾಣಿಗಳ ಊಟ, ಓಡಾಟ, ಗಿಡ, ಕಸ ಎಲ್ಲ ಸೇರಿ ದಿನಕ್ಕೆ ಎರಡು-ಮೂರು ಗಂಟೆ ದಾಟುತ್ತಿದ್ದರೆ ಬಿಟ್ಟಿ ಒಪ್ಪಂದದ ಆಸೆ ಬಿಡಿ. ಇದು ನನ್ನ ಲೆಕ್ಕ, ಎಲ್ಲೂ ಬರೆದಿಟ್ಟ ನಿಯಮ ಅಲ್ಲ.

ಹಂತ 2: ತಾರೀಖು ಗೊತ್ತಾದ ದಿನವೇ ಹುಡುಕಲು ಶುರು ಮಾಡಿ

ಟಿಕೆಟ್ ಬುಕ್ ಮಾಡಿದ ದಿನವೇ ಜಾಹೀರಾತು ಹಾಕಿ. ಎರಡು-ಮೂರು ತಿಂಗಳು ಮುಂಚೆ ಹಾಕಿದರೆ ಆರಾಮಾಗಿ ಆರಿಸಬಹುದು. ಶಾಲೆಗಳ ರಜೆ, ಹಬ್ಬದ ದಿನಗಳು ಅಂದರೆ ಇನ್ನೂ ಮುಂಚೆ, ಯಾಕೆಂದರೆ ಆಗ ಎಲ್ಲರೂ ಒಟ್ಟಿಗೆ ಮನೆ ಬಿಡುತ್ತಾರೆ. ಕೊನೇ ವಾರದಲ್ಲಿ ಹುಡುಕಿದರೆ ಸಿಕ್ಕವರೇ ಗತಿ. ತಾರೀಖು ಹಾಕುವಾಗ ಒಂದು ದಿನ ಮುಂದೆ, ಒಂದು ದಿನ ಹಿಂದೆ ಸೇರಿಸಿಕೊಳ್ಳಿ. ನೀವು ಹೊರಡುವ ಹಿಂದಿನ ದಿನ ಅವರು ಬಂದಿರಬೇಕು. ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತು, ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿರುವಾಗ ಬೆಕ್ಕಿನ ಮಾತ್ರೆ ವಿವರಿಸಿದರೆ ಅದು ಯಾರ ತಲೆಗೂ ಹೋಗಲ್ಲ.

ಹಂತ 3: ನಿಮ್ಮದೇ ಮನೆಯಲ್ಲಿ ಒಂದು ರಾತ್ರಿ ನೆಂಟರಾಗಿ

ಇದು ಸ್ವಲ್ಪ ತಮಾಷೆ ಅನ್ನಿಸಬಹುದು. ಸಿಟರ್‌ಗೆ ಕೊಡಬೇಕು ಅಂದುಕೊಂಡಿರುವ ಕೋಣೆಯಲ್ಲಿ ಒಂದು ರಾತ್ರಿ ನೀವೇ ಮಲಗಿ. ನಾನು ಮಲಗಿದೆ. ಹಾಸಿಗೆಯ ನಡುವೆ ಗುಂಡಿ. ದಿಂಬಿನಲ್ಲಿ ಹಳೇ ಬೀರುವಿನ ವಾಸನೆ. ಪ್ಲಗ್ ಪಾಯಿಂಟ್ ಮಂಚದ ಹಿಂದೆ, ಫೋನ್ ಚಾರ್ಜ್ ಮಾಡಬೇಕಾದರೆ ಮಂಚವನ್ನೇ ಎಳೆಯಬೇಕು. ರಾತ್ರಿ ಎರಡಕ್ಕೆ ಬೆಕ್ಕು ಬಂದು ಬಾಗಿಲು ಕೆರೆಯಿತು, ಚಿಲಕವೇ ಸರಿಯಾಗಿ ಬೀಳುತ್ತಿರಲಿಲ್ಲ. ಇದೆಲ್ಲ ಹತ್ತು ವರ್ಷದಿಂದ ಅದೇ ಮನೆಯಲ್ಲಿದ್ದ ನನಗೆ ಗೊತ್ತೇ ಇರಲಿಲ್ಲ.

ಸಿಟರ್‌ಗಳಿಗೆ ಅರಮನೆ ಬೇಡ. ಒಂದು ಒಳ್ಳೆಯ ಹಾಸಿಗೆ, ತೊಳೆದ ಚಾದರ, ಬಟ್ಟೆ ಇಡಲು ಖಾಲಿ ಕಪಾಟು, ಫ್ರಿಜ್‌ನಲ್ಲಿ ಖಾಲಿ ಮಾಡಿದ ಒಂದು ಶೆಲ್ಫ್, ಬಚ್ಚಲುಮನೆಯಲ್ಲಿ ಸೋಪು ಇಡಲು ಜಾಗ. ಈಗ ಬಹಳಷ್ಟು ಸಿಟರ್‌ಗಳು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತಾ ಊರೂರು ಸುತ್ತುವವರು. ಅವರಿಗೆ ಒಂದು ಮೇಜು, ಬೆನ್ನು ನೋಯದ ಕುರ್ಚಿ, ಚೆನ್ನಾಗಿ ಬರುವ ವೈಫೈ ಇದ್ದರೆ ಈಜುಕೊಳ ಇರುವ ಮನೆಯನ್ನೂ ಬಿಟ್ಟು ನಿಮ್ಮಲ್ಲಿಗೆ ಬರುತ್ತಾರೆ. ವೈಫೈ ವೇಗ ಎಷ್ಟು ಅಂತ ಒಂದು ಸಲ ಅಳೆದು ಜಾಹೀರಾತಿನಲ್ಲೇ ಬರೆಯಿರಿ.

ಹಾಗೇ ಬೆಲೆಬಾಳುವ ಒಡವೆ, ದಾಖಲೆ ಪತ್ರ, ಒಡೆದರೆ ನೀವು ಅಳುವಂಥ ಸಾಮಾನು ಇವನ್ನೆಲ್ಲ ಒಂದು ಬೀರುವಿಗೆ ಹಾಕಿ ಬೀಗ ಹಾಕಿ. ಅವರ ಮೇಲೆ ಅನುಮಾನ ಅಂತಲ್ಲ. ಆ ಬೀಗ ಅವರಿಗೂ ನೆಮ್ಮದಿ. ಏನಾದರೂ ಕಾಣೆಯಾದರೆ ಮೊದಲು ಬೆರಳು ತೋರಿಸುವುದು ಅವರ ಕಡೆಗೇ ಅಲ್ವಾ?

ಹಂತ 4: ಜಾಹೀರಾತು. ಇಲ್ಲಿ ಜಾಸ್ತಿ ಹೊತ್ತು ಕೂರಿ

ಮೊದಲ ಫೋಟೋ ಪ್ರಾಣಿಯದ್ದಾಗಿರಲಿ. ಅದರ ಕಣ್ಣಿನ ಮಟ್ಟಕ್ಕೆ ಕೂತು, ಹಗಲು ಬೆಳಕಲ್ಲಿ ತೆಗೆಯಿರಿ. ಆಮೇಲೆ ಮಲಗುವ ಕೋಣೆ, ಅಡುಗೆಮನೆ, ಬಚ್ಚಲುಮನೆ, ನಾಯಿ ಓಡಾಡುವ ಜಾಗ. ಕಿಟಕಿಯಾಚೆಯ ಸೂರ್ಯಾಸ್ತದ ಫೋಟೋ ಒಂದು ಸಾಕು, ಐದು ಬೇಡ. ಬಚ್ಚಲುಮನೆ ಫೋಟೋ ಇಲ್ಲದ ಜಾಹೀರಾತು ನೋಡಿದರೆ ಸಿಟರ್‌ಗಳು ಹುಬ್ಬೇರಿಸುತ್ತಾರೆ, ಅಲ್ಲೇನೋ ಇದೆ ಅಂತ. ಮನೆ ನಂಬರ್, ರಸ್ತೆಯ ಬೋರ್ಡು, ಹೊರಗಿನಿಂದ ಗುರುತು ಸಿಗುವ ಗೇಟು ಇವೆಲ್ಲ ಫೋಟೋದಲ್ಲಿ ಬರದಂತೆ ನೋಡಿಕೊಳ್ಳಿ. ಇಂಥ ತಾರೀಖಿಗೆ ಈ ಮನೆಯವರು ಇರಲ್ಲ ಅಂತ ಊರಿಗೆಲ್ಲ ಡಂಗುರ ಸಾರಿದ ಹಾಗಾಗಬಾರದು.

ಬರೆಯುವಾಗ ಗುಣವಾಚಕ ಕಡಿಮೆ, ಗಂಟೆ ಮತ್ತು ಲೆಕ್ಕ ಜಾಸ್ತಿ ಇರಲಿ. "ಮುದ್ದಾದ ನಾಯಿ" ಅಂದರೆ ಏನೂ ತಿಳಿಯಲ್ಲ. ನನ್ನ ಈಗಿನ ಜಾಹೀರಾತಿನ ಒಂದು ತುಂಡು ಹೀಗಿದೆ:

"ಗುಂಡನಿಗೆ ಒಂಬತ್ತು ವರ್ಷ, 24 ಕಿಲೋ ತೂಕ. ಬೆಳಿಗ್ಗೆ ಐದೂವರೆಗೆ ಎದ್ದು ನಿಮ್ಮ ಮುಖದ ಹತ್ತಿರ ಬಂದು ಉಸಿರು ಬಿಡುತ್ತಾನೆ. ಅಲಾರಂ ಇಟ್ಟರೂ ಬಿಟ್ಟರೂ ಐದೂವರೆಯೇ. ಬೆಳಿಗ್ಗೆ ನಲವತ್ತು ನಿಮಿಷ, ಸಂಜೆ ಅರ್ಧ ಗಂಟೆ ನಡೆಯಬೇಕು. ಬೇರೆ ಗಂಡುನಾಯಿ ಕಂಡರೆ ಎಳೆಯುತ್ತಾನೆ, ಕೈಯಲ್ಲಿ ಶಕ್ತಿ ಇರುವವರಿಗೆ ವಾಸಿ. ನಾಲ್ಕು ಗಂಟೆ ಒಬ್ಬನೇ ಇರಬಲ್ಲ, ಅದಕ್ಕಿಂತ ಜಾಸ್ತಿ ಆದರೆ ಚಪ್ಪಲಿಗೆ ನಾವು ಜವಾಬ್ದಾರರಲ್ಲ. ಗುಡುಗು, ಪಟಾಕಿ ಅಂದರೆ ತುಂಬಾ ಹೆದರುತ್ತಾನೆ. ಏನು ಮಾಡಬೇಕು ಅಂತ ಬರೆದಿಟ್ಟಿದ್ದೇವೆ. ಮಿಣಿ ಬೆಕ್ಕು, ಹದಿಮೂರು ವರ್ಷ. ಬಟ್ಟಲಿನ ನೀರು ಮುಟ್ಟಲ್ಲ, ನಲ್ಲಿ ಸಣ್ಣಗೆ ಬಿಟ್ಟರೆ ಮಾತ್ರ ಕುಡಿಯುತ್ತಾಳೆ. ಮೊದಲ ಎರಡು ದಿನ ನಿಮ್ಮನ್ನು ತಿರುಗಿಯೂ ನೋಡಲ್ಲ. ಮೂರನೇ ದಿನ ಮಡಿಲಲ್ಲಿ ಇರುತ್ತಾಳೆ."

ಇದನ್ನು ಹಾಕಿದ ಮೇಲೆ ಅರ್ಜಿಗಳ ಸಂಖ್ಯೆ ಏನೂ ಏರಲಿಲ್ಲ. ಆದರೆ ಬಂದ ಅರ್ಜಿಗಳ ಜಾತಕವೇ ಬದಲಾಯಿತು. ಒಬ್ಬರು ಬರೆದಿದ್ದರು: "ನಾನೂ ಐದಕ್ಕೇ ಏಳುವವಳು. ಗುಡುಗಿಗೆ ನೀವೇನು ಮಾಡುತ್ತೀರಿ? ನಮ್ಮ ಹಳೇ ನಾಯಿಗೆ ಕಿಟಕಿ ಪರದೆ ಎಳೆದು ರೇಡಿಯೋ ಹಾಕುತ್ತಿದ್ದೆವು." ಅವರನ್ನು ಬಿಟ್ಟು ಇನ್ಯಾರನ್ನು ಕರೆಯುವುದು?

ಇವುಗಳನ್ನಂತೂ ತಪ್ಪದೆ ಬರೆಯಿರಿ: ಪ್ರಾಣಿ ಕಚ್ಚಿದ, ಪರಚಿದ ಇತಿಹಾಸ ಇದೆಯಾ, ರಾತ್ರಿ ಎಲ್ಲಿ ಮಲಗುತ್ತದೆ (ಹಾಸಿಗೆ ಮೇಲಾ ಅಂತ ನೇರವಾಗಿ ಬರೆಯಿರಿ, ಕೆಲವರಿಗೆ ಅದೇ ಬೇಕು, ಕೆಲವರಿಗೆ ಆಗಲ್ಲ), ಔಷಧ ಏನಾದರೂ ಇದೆಯಾ, ಮನೆಯಲ್ಲಿ ಎಷ್ಟು ಮೆಟ್ಟಿಲು, ಕಾರು ಇಲ್ಲದೆ ಓಡಾಡಬಹುದಾ, ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದೆಯಾ, ಸಿಟರ್ ಜೊತೆ ಮಕ್ಕಳು ಬರಬಹುದಾ. ಕ್ಯಾಮೆರಾ ಇದ್ದರೆ ಅದನ್ನೂ. ಮನೆಯೊಳಗಿನ ಕ್ಯಾಮೆರಾ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ: ತೆಗೆದುಬಿಡಿ, ಇಲ್ಲವೇ ಪ್ಲಗ್ ಕಿತ್ತಿಡಿ. ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕೂಡ 2024ರಲ್ಲಿ ಮನೆಯೊಳಗಿನ ಕ್ಯಾಮೆರಾಗಳನ್ನು ಪೂರ್ತಿ ನಿಷೇಧಿಸಿತು. ಬಾಗಿಲ ಬೆಲ್‌ನ ಕ್ಯಾಮೆರಾ ಇರಲಿ, ಆದರೆ ಬಾಯಿಬಿಟ್ಟು ಹೇಳಿ.

ಹಂತ 5: ಅರ್ಜಿ ಓದುವುದು

ಎಲ್ಲರಿಗೂ ಒಂದೇ ಪತ್ರ ಕಳಿಸುವವರು ಗೊತ್ತಾಗುತ್ತಾರೆ. "ನಿಮ್ಮ ಸುಂದರ ಮನೆ ಮತ್ತು ಮುದ್ದು ಪ್ರಾಣಿಗಳು" ಅಂತಿರುತ್ತದೆ, ಪ್ರಾಣಿಯ ಹೆಸರು ಇರಲ್ಲ. ಅದನ್ನು ಬದಿಗಿಡಿ. ಹೆಸರು ಹಿಡಿದು, ನೀವು ಬರೆದ ಯಾವುದೋ ಒಂದು ಸಣ್ಣ ವಿಷಯಕ್ಕೆ ಪ್ರತಿಕ್ರಿಯೆ ಕೊಟ್ಟವರನ್ನು ಮೇಲಿಡಿ. ಪ್ರಶ್ನೆ ಕೇಳಿದವರನ್ನು ಇನ್ನೂ ಮೇಲಿಡಿ. ವಿಮರ್ಶೆ ಒಂದೂ ಇಲ್ಲದ ಹೊಸಬರನ್ನು ಸುಮ್ನೆ ತಳ್ಳಿಹಾಕಬೇಡಿ, ಎಲ್ಲರೂ ಒಂದು ದಿನ ಹೊಸಬರೇ. ಅವರ ಹಳೇ ಮನೆಮಾಲೀಕರು, ಅವರ ಪ್ರಾಣಿಯನ್ನು ನೋಡಿದ ವೆಟ್ (ಪ್ರಾಣಿಗಳ ಡಾಕ್ಟರ್), ಜೊತೆಗೆ ಕೆಲಸ ಮಾಡಿದವರು ಹೀಗೆ ಇಬ್ಬರ ನಂಬರ್ ಕೇಳಿ, ನಿಜವಾಗಲೂ ಫೋನ್ ಮಾಡಿ. ನಂಬರ್ ತಗೊಂಡು ಫೋನ್ ಮಾಡದವರೇ ಜಾಸ್ತಿ, ನಾನೂ ಮೊದಲು ಹಾಗೇ ಇದ್ದೆ. ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: "ನೀವು ಇವರನ್ನು ಮತ್ತೆ ಕರೆಯುತ್ತೀರಾ?" ಉತ್ತರಕ್ಕಿಂತ ಉತ್ತರದ ಮುಂಚಿನ ಮೌನ ಮುಖ್ಯ.

ಅರ್ಜಿ ಹಾಕಿದವರಿಗೆಲ್ಲ ಬೇಗ ಉತ್ತರ ಕೊಡಿ, ಬೇಡ ಅನ್ನುವುದಾದರೂ. ಒಳ್ಳೆಯವರು ನಾಲ್ಕು ದಿನ ಕಾಯಲ್ಲ, ಬೇರೆ ಮನೆ ಒಪ್ಪಿಕೊಂಡಿರುತ್ತಾರೆ.

ಹಂತ 6: ವಿಡಿಯೋ ಕಾಲ್

ಇದು ಇಂಟರ್ವ್ಯೂ ಥರ ಇರಬಾರದು, ಆದರೆ ಹರಟೆಯೂ ಅಲ್ಲ. ಫೋನ್ ಹಿಡಿದು ಮನೆಯಲ್ಲಿ ಒಂದು ಸುತ್ತು ಹಾಕಿ. ನಾಯಿ ಬೊಗಳಿದರೆ ಬೊಗಳಲಿ, ಅವರ ಮುಖ ನೋಡಿ. ಕಾಲ್‌ನಲ್ಲಿ "ನಿಮಗೆ ನಾಯಿ ಇಷ್ಟಾನಾ" ಅಂತ ಕೇಳಿ ಪ್ರಯೋಜನ ಇಲ್ಲ, ಎಲ್ಲರೂ ಹೌದು ಅಂತಾರೆ. ನಡೆದ ಕಥೆ ಕೇಳಿ. "ಹಿಂದಿನ ಮನೆಯಲ್ಲಿ ಏನಾದರೂ ಎಡವಟ್ಟಾಗಿತ್ತಾ, ಆಗ ಏನು ಮಾಡಿದಿರಿ?" ಏನೂ ಆಗೇ ಇಲ್ಲ ಅಂದವರು ಒಂದೋ ಹೊಸಬರು, ಇಲ್ಲಾ ಹೇಳುತ್ತಿಲ್ಲ. ಒಬ್ಬರು ನನಗೆ ಹೇಳಿದ್ದರು, ಕೀ ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡಿತ್ತು, ಮಾಲೀಕರಿಗೆ ಆಗ ಅಲ್ಲಿ ನಡುರಾತ್ರಿ, ಪಕ್ಕದ ಮನೆಯಲ್ಲಿ ಕೂತು ಬೆಳಗಾಗುವವರೆಗೆ ಕಾದರಂತೆ, ನಾಯಿ ಜೊತೆಗೇ ಇತ್ತಂತೆ. ಆ ಕಥೆ ಕೇಳಿದ ಮೇಲೆ ಅವರನ್ನೇ ಕರೆದೆ.

ಇನ್ನೊಂದು ಪ್ರಶ್ನೆ: ಬೆಕ್ಕು ಒಂದು ಹೊತ್ತು ತಿನ್ನಲಿಲ್ಲ ಅಂದರೆ ಏನು ಮಾಡುತ್ತೀರಿ? ತಕ್ಷಣ ನಿಮಗೆ ಹೇಳಬೇಕು, ಇಡೀ ದಿನ ಮುಟ್ಟದಿದ್ದರೆ ವೆಟ್‌ಗೆ ಫೋನ್ ಮಾಡಬೇಕು. ಬೆಕ್ಕು ಎರಡು-ಮೂರು ದಿನ ಉಪವಾಸ ಇದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತು ಬರಬಹುದು, ದಪ್ಪ ಬೆಕ್ಕಾದರೆ ಅಪಾಯ ಜಾಸ್ತಿ. ಇದು ಅವರಿಗೆ ಗೊತ್ತಿರಲೇಬೇಕು ಅಂತಿಲ್ಲ. "ಹಸಿವಾದರೆ ತಾನೇ ತಿನ್ನುತ್ತೆ ಬಿಡಿ" ಅನ್ನುವವರು ಮಾತ್ರ ಬೇಡ.

ಅವರಿಗೂ ಕೇಳಲು ಸಮಯ ಕೊಡಿ. ಹಗಲೆಲ್ಲ ಹೊರಗೆ ಹೋಗಿ ಊರು ನೋಡುವ ಪ್ಲ್ಯಾನ್ ಇದ್ದರೆ ಇಲ್ಲೇ ಗೊತ್ತಾಗಬೇಕು. ಮನಸ್ಸಿಗೆ ಏನೋ ಸರಿ ಕಾಣಲಿಲ್ಲ ಅಂದರೆ, ಕಾರಣ ಹೇಳಲು ಬರದಿದ್ದರೂ, ಬಿಟ್ಟುಬಿಡಿ.

ಹತ್ತಿರದಲ್ಲಿರುವವರಾದರೆ ಒಂದು ಸಲ ಮನೆಗೆ ಕರೆಸಿ, ನಾಯಿ ಜೊತೆ ಒಂದು ರೌಂಡ್ ಹೋಗಿ ಬರಲಿ, ಸಾಧ್ಯವಾದರೆ ಒಂದು ರಾತ್ರಿ ಇದ್ದು ನೋಡಲಿ. ಪ್ರಾಣಿಯ ಅಭಿಪ್ರಾಯಕ್ಕೂ ಬೆಲೆ ಇದೆ. ಆದರೆ ಮಿಣಿಯಂಥ ಬೆಕ್ಕಿದ್ದರೆ ಅವಳ ಅಭಿಪ್ರಾಯ ನಂಬಿ ಕೂರಬೇಡಿ, ಅವಳಿಗೆ ನಾನೂ ಅಷ್ಟಕ್ಕಷ್ಟೇ.

ಹಂತ 7: ಒಪ್ಪಂದ, ಅರ್ಧ ಪುಟವಾದರೂ ಸರಿ

ಗೆಳೆಯರ ಮಗಳೇ ಬರಲಿ, ಬರೆದಿಡಿ. ಬಂದು ಹೋಗುವ ತಾರೀಖು ಮತ್ತು ಹೊತ್ತು. ದುಡ್ಡು ಕೊಡುವುದಿದ್ದರೆ ಎಷ್ಟು, ಯಾವಾಗ. ಕರೆಂಟು, ಗ್ಯಾಸ್ ಖರ್ಚು ಯಾರದು. ನೆಂಟರು, ಗೆಳೆಯರು ಬರಬಹುದಾ, ರಾತ್ರಿ ಉಳಿಯಬಹುದಾ. ಕಾರು ಓಡಿಸಬಹುದಾ, ಓಡಿಸಿದರೆ ಇನ್ಶೂರೆನ್ಸ್‌ನಲ್ಲಿ ಅವರಿಗೆ ಅನುಮತಿ ಇದೆಯಾ. ಯಾವ ಕೋಣೆ ಬಳಸಬಾರದು. ಇಬ್ಬರಲ್ಲಿ ಒಬ್ಬರಿಗೆ ಬರಲು, ಹೋಗಲು ಆಗದಿದ್ದರೆ ಏನು. ಈ ಕೊನೆಯದಕ್ಕೆ ಇನ್ನೊಂದು ಹೆಸರು ಕೈಯಲ್ಲಿರಲಿ, ಎರಡನೇ ಸಿಟರೋ, ಪ್ರಾಣಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಬೋರ್ಡಿಂಗ್ ಜಾಗವೋ.

ವೆಟ್ ವಿಷಯವೇ ಇದರಲ್ಲಿ ದೊಡ್ಡದು. ನೀವು ವಿಮಾನದಲ್ಲಿದ್ದೀರಿ, ಫೋನ್ ಆಫ್, ಇಲ್ಲಿ ನಾಯಿ ಬಿದ್ದು ಒದ್ದಾಡುತ್ತಿದೆ. ಸಿಟರ್ ಹೇಳಿದ ಮಾತ್ರಕ್ಕೆ ಆಸ್ಪತ್ರೆಯವರು ಆಪರೇಷನ್ ಮಾಡಲು ಹಿಂಜರಿಯುತ್ತಾರೆ. ಅದಕ್ಕೆ ಮೊದಲೇ ನಿಮ್ಮ ವೆಟ್‌ಗೆ ಪತ್ರ ಕೊಟ್ಟಿಡಿ: ಇಂಥವರು ಇಂಥ ತಾರೀಖಿನವರೆಗೆ ನನ್ನ ಪರವಾಗಿ ಒಪ್ಪಿಗೆ ಕೊಡಬಹುದು, ಇಷ್ಟು ಮೊತ್ತದವರೆಗೆ ನನ್ನನ್ನು ಕೇಳಬೇಕಾಗಿಲ್ಲ, ಬಿಲ್ ನಾನು ಕಟ್ಟುತ್ತೇನೆ. ಮುಂಗಡ ಕೊಟ್ಟಿಡುವುದೋ, ಕಾರ್ಡ್ ವಿವರ ಕೊಡುವುದೋ ಅವರ ಜೊತೆ ಮಾತಾಡಿ. ಪ್ರಾಣಿಗೆ ವಯಸ್ಸಾಗಿದ್ದರೆ ಇನ್ನೂ ಕಷ್ಟದ ಒಂದು ಮಾತಿದೆ. ಉಳಿಸಲು ಆಗಲ್ಲ, ನೋವು ಮಾತ್ರ ಅಂತ ವೆಟ್ ಹೇಳಿದರೆ ಏನು ಮಾಡಬೇಕು? ಇದನ್ನು ಬರೆಯುವಾಗ ನನ್ನ ಕೈ ನಿಂತಿತ್ತು. ಆದರೂ ಬರೆದೆ. ಗುರುತಿಲ್ಲದ ಒಬ್ಬರ ಹೆಗಲ ಮೇಲೆ ಆ ತೀರ್ಮಾನ ಹಾಕಿ ಹೋಗುವುದು ನ್ಯಾಯ ಅಲ್ಲ.

ಮನೆ ಇನ್ಶೂರೆನ್ಸ್ ಇದ್ದರೆ ಕಂಪನಿಗೆ ಒಂದು ಫೋನ್ ಹಾಕಿ. ಮನೆ 30 ಅಥವಾ 60 ದಿನಕ್ಕಿಂತ ಜಾಸ್ತಿ ಖಾಲಿ ಬಿದ್ದರೆ ಪರಿಹಾರ ಕಡಿತ ಮಾಡುವ ಷರತ್ತು ಬಹಳ ಪಾಲಿಸಿಗಳಲ್ಲಿ ಇರುತ್ತದೆ. ಸಿಟರ್ ಇದ್ದರೆ ಅದು ಖಾಲಿ ಅಲ್ಲ ಅಂತ ಅವರು ಒಪ್ಪುತ್ತಾರಾ, ಸಿಟರ್ ಕೈಯಿಂದ ಏನಾದರೂ ಹಾಳಾದರೆ ಕೊಡುತ್ತಾರಾ ಕೇಳಿ, ಉತ್ತರ ಇಮೇಲ್‌ನಲ್ಲಿ ತಗೊಳ್ಳಿ. ಸಿಟರ್ ಬೇರೆ ದೇಶದವರಾದರೆ ವೀಸಾ ವಿಷಯವನ್ನೂ ಕೇಳಿ. ದುಡ್ಡು ತಗೊಳ್ಳದೆ ಮನೆ ನೋಡಿಕೊಳ್ಳುವುದನ್ನೂ ಕೆಲಸ ಅಂತಲೇ ನೋಡುವ ದೇಶಗಳಿವೆ, ಟೂರಿಸ್ಟ್ ವೀಸಾದಲ್ಲಿ ಬಂದವರನ್ನು ಏರ್‌ಪೋರ್ಟ್‌ನಿಂದಲೇ ವಾಪಸ್ ಕಳಿಸಿದ್ದೂ ಇದೆ. ನೀವು ಹೊರಡುವ ದಿನ ಅವರು ಏರ್‌ಪೋರ್ಟ್‌ನಲ್ಲಿ ಸಿಕ್ಕಿಬಿದ್ದರೆ ಇಬ್ಬರ ಕಥೆಯೂ ಮುಗಿಯಿತು.

ಹಂತ 8: ಮನೆಯ ಪುಸ್ತಕ

ಒಂದು ನೋಟ್‌ಬುಕ್ ಸಾಕು. ಪ್ರಿಂಟ್ ತೆಗೆದು ಅಡುಗೆಮನೆಯಲ್ಲಿ ಇಡಿ, ಫೋನಿಗೂ ಕಳಿಸಿ. ಮೊದಲ ಪುಟದಲ್ಲಿ ಫೋನ್ ನಂಬರ್‌ಗಳು: ನಿಮ್ಮದು, ಹತ್ತಿರದಲ್ಲಿರುವ ಇಬ್ಬರದು, ವೆಟ್, ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆ, ಪ್ಲಂಬರ್, ಎಲೆಕ್ಟ್ರಿಷಿಯನ್. ಜೊತೆಗೆ ಮನೆಯ ಪೂರ್ತಿ ವಿಳಾಸ. ಗಾಬರಿಯಲ್ಲಿ ಆಂಬುಲೆನ್ಸ್‌ಗೆ ಫೋನ್ ಮಾಡಿದವರಿಗೆ ತಾವು ಎಲ್ಲಿದ್ದೇವೆ ಅಂತಲೇ ಗೊತ್ತಿರಲ್ಲ.

ಮನೆಯ ವಿಷಯದಲ್ಲಿ ನೀರಿನ ಮೇನ್ ವಾಲ್ವ್, ಕರೆಂಟಿನ ಎಂಸಿಬಿ ಬಾಕ್ಸ್, ಗ್ಯಾಸ್ ಬಂದ್ ಮಾಡುವ ಜಾಗ ಈ ಮೂರರ ಫೋಟೋ ಹಾಕಿ. ಕಸ ಯಾವ ದಿನ, ವೈಫೈ ಪಾಸ್‌ವರ್ಡ್ ಏನು. ಆಮೇಲೆ ಮನೆಯ ಚಾಳಿಗಳು. ನಮ್ಮ ಮುಂಬಾಗಿಲ ಬೀಗ ಸುಮ್ನೆ ತಿರುಗಿಸಿದರೆ ತೆರೆಯಲ್ಲ, ಎಡಗೈಯಲ್ಲಿ ಹಿಡಿಯನ್ನು ತನ್ನ ಕಡೆ ಎಳೆದುಕೊಂಡು, ಸ್ವಲ್ಪ ಮೇಲಕ್ಕೆ ಎತ್ತಿ, ಆಗ ಕೀ ತಿರುಗಿಸಬೇಕು. ನನ್ನ ಕೈಗೆ ಇದು ಎಷ್ಟು ಅಭ್ಯಾಸ ಆಗಿತ್ತೆಂದರೆ ಹೇಳಬೇಕು ಅಂತಲೇ ಹೊಳೆದಿರಲಿಲ್ಲ. ಇಂಥದ್ದೆಲ್ಲ ಹಿಡಿಯಬೇಕಾದರೆ ಒಂದು ದಿನ ಪೂರ್ತಿ ನೋಟ್‌ಬುಕ್ ಕೈಯಲ್ಲಿಟ್ಟುಕೊಂಡು ಓಡಾಡಿ. ನೀವು ಏನು ಮಾಡುತ್ತೀರೋ ಅದನ್ನು ಬರೆಯಿರಿ, ನೆನಪಿನಿಂದ ಬರೆಯಬೇಡಿ. ಕೀ ಎರಡು ಸೆಟ್ ಕೊಡಿ, ಮೂರನೆಯದು ನಂಬಿಕೆಯ ನೆರೆಯವರ ಹತ್ತಿರ ಇರಲಿ. ಆ ಎಲ್ಲ ಕೀಗಳನ್ನೂ ಒಂದು ಸಲ ಬಾಗಿಲಿಗೆ ಹಾಕಿ ತೆರೆದು ನೋಡಿ, ಹೊಸದಾಗಿ ಕಟ್ ಮಾಡಿಸಿದ ಕೀ ಕೈಕೊಡುವುದು ಮಾಮೂಲು.

ಪ್ರಾಣಿಗಳ ಪುಟದಲ್ಲಿ "ಒಂದು ಹಿಡಿ" ಅನ್ನಬೇಡಿ. ನಿಮ್ಮ ಹಿಡಿ ಬೇರೆ, ಅವರ ಹಿಡಿ ಬೇರೆ. ಗ್ರಾಂ ಲೆಕ್ಕ ಬರೆಯಿರಿ, ಇಲ್ಲವೇ ಅಳತೆಯ ಬಟ್ಟಲನ್ನೇ ಡಬ್ಬಿಯೊಳಗೆ ಇಡಿ. ನೀವಿಲ್ಲದ ದಿನಗಳಿಗಿಂತ ಒಂದು ವಾರದ ಊಟ, ಔಷಧ ಜಾಸ್ತಿ ತಂದಿಡಿ, ವಿಮಾನ ತಡವಾದರೆ ಬೇಕಾಗುತ್ತದೆ. ಮಾತ್ರೆಗಳನ್ನು ದಿನದ ಹೆಸರಿರುವ ಡಬ್ಬಿಯಲ್ಲಿ ಹಾಕಿಡಿ.

ಇನ್ಸುಲಿನ್ ತಗೊಳ್ಳುವ ಪ್ರಾಣಿ ಇದ್ದರೆ ಬಾಯಲ್ಲಿ ಹೇಳಿ ಮುಗಿಸಬೇಡಿ. ನಿಮ್ಮ ಎದುರಿಗೇ ಅವರು ಎರಡು ಸಲ ಚುಚ್ಚಿ ತೋರಿಸಬೇಕು. ಇನ್ಸುಲಿನ್‌ನಲ್ಲೂ ಅದರ ಸಿರಿಂಜ್‌ನಲ್ಲೂ ಯು-40, ಯು-100 (ಒಂದು ಎಂಎಲ್‌ಗೆ 40 ಯೂನಿಟ್, 100 ಯೂನಿಟ್) ಅಂತ ಎರಡು ಬಗೆ ಇವೆ. ಯು-100 ಇನ್ಸುಲಿನ್ ಅನ್ನು ಯು-40 ಸಿರಿಂಜ್‌ನಲ್ಲಿ ಅದೇ ಗೆರೆಗೆ ತೆಗೆದರೆ ಎರಡೂವರೆ ಪಟ್ಟು ಜಾಸ್ತಿ ಹೋಗುತ್ತದೆ. ಹಾಗಾಗಿ ಬೇರೆ ಬಗೆಯ ಸಿರಿಂಜ್ ಮನೆಯಲ್ಲೇ ಇರಬಾರದು. ಊಟ ಮಾಡದಿದ್ದರೆ ಇನ್ಸುಲಿನ್ ಕೊಡುವ ಮುಂಚೆ ವೆಟ್‌ಗೆ ಫೋನ್, ಇದನ್ನು ಕೆಂಪು ಪೆನ್ನಲ್ಲಿ ಬರೆಯಿರಿ.

ತಿನ್ನಬಾರದ್ದರ ಒಂದು ಚೀಟಿ ಫ್ರಿಜ್ ಬಾಗಿಲಿಗೆ ಅಂಟಿಸಿ. ನಾಯಿಗೆ ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಶುಗರ್‌ಫ್ರೀ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಆಗಲ್ಲ. ಬೆಕ್ಕಿಗೆ ಲಿಲ್ಲಿ ಹೂ ವಿಷ, ಮೈಗೆ ಅಂಟಿದ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಕಿಡ್ನಿ ಹೋಗುತ್ತದೆ. ಅತಿಥಿಗೆ ಅಂತ ಪ್ರೀತಿಯಿಂದ ಹೂಗುಚ್ಛ ಇಟ್ಟು ಹೋಗುವವರು ಇದನ್ನು ನೆನಪಿಡಿ. ನೋವಿಗೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯುತ್ತದೆ. ಗಿಣಿಯೋ ಬೇರೆ ಹಕ್ಕಿಯೋ ಇದ್ದರೆ ನಾನ್‌ಸ್ಟಿಕ್ ಪಾತ್ರೆ ಎತ್ತಿಟ್ಟುಬಿಡಿ, ಅದು ಸೀದಾಗ ಬರುವ ಹೊಗೆಗೆ ಹಕ್ಕಿ ಕೆಲವೇ ನಿಮಿಷದಲ್ಲಿ ಸಾಯಬಹುದು. ಮೀನಿನ ತೊಟ್ಟಿಯಲ್ಲಿ ಕಷ್ಟ ಉಲ್ಟಾ, ಸಿಟರ್‌ಗಳು ಕನಿಕರದಿಂದ ಊಟ ಜಾಸ್ತಿ ಹಾಕಿ ನೀರು ಕೆಡಿಸುತ್ತಾರೆ. ದಿನದ ಪೊಟ್ಟಣ ಕಟ್ಟಿಟ್ಟು ಉಳಿದ ಡಬ್ಬಿ ಬಚ್ಚಿಡಿ.

ಕಾಯಬಾರದ ಲಕ್ಷಣಗಳನ್ನೂ ಬರೆಯಿರಿ. ಗಂಡುಬೆಕ್ಕು ಲಿಟರ್‌ಗೆ ಪದೇ ಪದೇ ಹೋಗಿ ತಿಣುಕುತ್ತಿದೆ, ಮೂತ್ರ ಬರುತ್ತಿಲ್ಲ. ದೊಡ್ಡ ಜಾತಿಯ ನಾಯಿಯ ಹೊಟ್ಟೆ ಉಬ್ಬಿದೆ, ವಾಂತಿಗೆ ಓಕರಿಸುತ್ತದೆ, ಏನೂ ಬರುತ್ತಿಲ್ಲ. ಮೊಲ ಅರ್ಧ ದಿನದಿಂದ ಏನೂ ಮೇಯ್ದಿಲ್ಲ. ಈ ಮೂರರಲ್ಲಿ ಯಾವುದೂ ನಿಮಗೆ ಫೋನ್ ಮಾಡಿ ಕೇಳುವ ವಿಷಯ ಅಲ್ಲ, ಮೊದಲು ಆಸ್ಪತ್ರೆ, ಆಮೇಲೆ ಫೋನ್.

ಪ್ರಾಣಿ ತಪ್ಪಿಸಿಕೊಳ್ಳುವುದು ಜಾಸ್ತಿ ಆಗುವುದು ಮೊದಲ ಎರಡು ದಿನ, ಬಾಗಿಲು ತೆರೆಯುವ ಹೊತ್ತಿನಲ್ಲಿ. ಕೊರಳಪಟ್ಟಿ ಬಿಗಿ ನೋಡಿ, ಬಿಲ್ಲೆಯ ಮೇಲೆ ಸಿಟರ್ ನಂಬರ್ ಕೂಡ ಇರಲಿ. ಮೈಕ್ರೋಚಿಪ್ (ಚರ್ಮದಡಿ ಇಡುವ ಗುರುತಿನ ಚಿಪ್) ಹಾಕಿಸಿದ್ದರೆ ಅದರ 15 ಅಂಕಿಯ ಸಂಖ್ಯೆ ಪುಸ್ತಕದಲ್ಲಿ ಬರೆಯಿರಿ, ನೋಂದಣಿಯಲ್ಲಿ ಇರುವುದು ನಿಮ್ಮ ಈಗಿನ ಫೋನ್ ನಂಬರ್ ತಾನೇ ಅಂತ ಒಮ್ಮೆ ನೋಡಿ.

ಹಂತ 9: ಕೈಗೊಪ್ಪಿಸುವ ದಿನ ಮತ್ತು ಆಮೇಲೆ

ಬಂದವರಿಗೆ ಮೊದಲು ಕೂರಲು ಹೇಳಿ. ಪ್ರಾಣಿ ತಾನಾಗಿ ಹತ್ತಿರ ಬರಲಿ. ಸಂಜೆ ನಡಿಗೆಗೆ ಜೊತೆಗೆ ಹೋಗಿ, ಆದರೆ ಹಗ್ಗ ಅವರ ಕೈಯಲ್ಲಿರಲಿ. ರಾತ್ರಿ ಊಟ ಅವರೇ ಹಾಕಲಿ, ನೀವು ಸುಮ್ನೆ ನಿಂತು ನೋಡಿ. ಬೀಗ ಅವರೇ ಒಂದು ಸಲ ಹಾಕಿ ತೆಗೆಯಲಿ. ಆ ದಿನ ಮತ್ತು ಮರುದಿನಕ್ಕೆ ಅವರಿಗೆ ಊಟಕ್ಕೆ ಏನಾದರೂ ಫ್ರಿಜ್‌ನಲ್ಲಿಡಿ, ದೂರದಿಂದ ಬಂದವರು ಮೊದಲ ದಿನವೇ ಅಂಗಡಿ ಹುಡುಕಿಕೊಂಡು ಹೋಗುವ ಹಾಗೆ ಮಾಡಬೇಡಿ. ಹೊರಡುವಾಗ ನಾಯಿಯನ್ನು ತಬ್ಬಿ ಕಣ್ಣೀರು ಹಾಕಬೇಡಿ. ನಾನು ಹಾಕಿದ್ದೇನೆ, ಗುಂಡ ಆಮೇಲೆ ಎರಡು ಗಂಟೆ ಬಾಗಿಲ ಹತ್ತಿರ ಕೂತಿದ್ದನಂತೆ.

ದಿನಕ್ಕೆ ಒಂದು ಫೋಟೋ, ಒಂದು ಸಾಲು ಸಾಕು ಅಂತ ಮೊದಲೇ ಮಾತಾಡಿಕೊಳ್ಳಿ. ದಿನಕ್ಕೆ ಆರು ಸಲ "ತಿಂದನಾ?" ಅಂತ ಕೇಳುವ ಮಾಲೀಕರ ಮನೆಗೆ ಯಾರೂ ಎರಡನೇ ಸಲ ಬರಲ್ಲ. ಹೂಕುಂಡ ಒಡೆಯಿತು ಅಂತ ಮೆಸೇಜ್ ಬಂದರೆ "ಪರವಾಗಿಲ್ಲ, ಹೇಳಿದ್ದಕ್ಕೆ ಥ್ಯಾಂಕ್ಸ್" ಅನ್ನಿ. ಹೂಕುಂಡಕ್ಕೆ ಸಿಡುಕಿದರೆ ನಾಯಿ ಕುಂಟುತ್ತಿರುವ ವಿಷಯ ನಿಮ್ಮ ಕಿವಿಗೆ ತಡವಾಗಿ ಬೀಳುತ್ತದೆ.

ವಾಪಸ್ ಬರುವ ಹೊತ್ತು ಸರಿಯಾಗಿ ತಿಳಿಸಿ, ತಡವಾದರೆ ತಕ್ಷಣ ಹೇಳಿ. ಅವರ ಮುಂದಿನ ಮನೆಯ ಬಸ್ಸೋ ವಿಮಾನವೋ ಅದರ ಮೇಲೆ ನಿಂತಿರುತ್ತದೆ. ವಿಮರ್ಶೆ ಅದೇ ವಾರ ಬರೆಯಿರಿ, ಏನು ಮಾಡಿದರು ಅಂತ ಬಿಡಿಸಿ ಬರೆಯಿರಿ. ಮತ್ತೆ ಅವರೇ ಬೇಕಿದ್ದರೆ ಮುಂದಿನ ತಾರೀಖು ಜಾಹೀರಾತು ಹಾಕುವ ಮುಂಚೆ ಅವರಿಗೆ ಹೇಳಿ. ಮತ್ತೆ ಮತ್ತೆ ಬರುವ ಒಬ್ಬ ಸಿಟರ್ ಸಿಕ್ಕರೆ ಮೇಲಿನ ಅರ್ಧ ಹಂತಗಳನ್ನು ಮರೆತುಬಿಡಬಹುದು.

ಅವರು ಹೊರಡುವ ಮುಂಚೆ ಪುಸ್ತಕ ಕೈಗೆ ಕೊಟ್ಟು, ಏನು ಬಿಟ್ಟುಹೋಗಿದೆ ಬರೆದುಕೊಡಿ ಅನ್ನಿ. ನಮ್ಮದರಲ್ಲಿ ಈಗ ಹನ್ನೊಂದು ಪುಟ ಇದೆ. ಕೊನೇ ಪುಟದಲ್ಲಿ ಬೇರೆ ಬೇರೆ ಕೈಬರಹ. ಹೋದ ಸಲ ಬಂದವರು ಬರೆದದ್ದು: "ಗೀಸರ್ ಅಂತ ಚೀಟಿ ಅಂಟಿಸಿರುವ ಸ್ವಿಚ್ ಹೊರಗಿನ ದೀಪದ್ದು. ನಾಲ್ಕು ದಿನ ತಣ್ಣೀರು ಸ್ನಾನ ಮಾಡಿದೆ. ಮಿಣಿ ಎರಡನೇ ದಿನವೇ ಮಡಿಲಿಗೆ ಬಂದಳು."